ಸ್ನೇಹಲತಾ ಹೇಳಿದ ಮೂರು ಉತ್ತರ

ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ನಿಂತು ‘ಸ್ನೇಹಲತಾ ಮನೆ ಎಲ್ಲಿ’ ಎಂದು ಕೇಳಿ ನೋಡಿ, ಯಾರೂ ತೋರಿಸುವುದಿಲ್ಲ. ‘ಪಂಪ್‌ಸೆಟ್ ದೇವರಾಜಣ್ಣನ ಮನೆ’ ಅಂದರೆ ಬಾಗಿಲವರೆಗೂ ಬಂದು ಬಿಟ್ಟು ಹೋಗುತ್ತಾರೆ. ಅವಳು ನನ್ನ ಚಿಕ್ಕಪ್ಪನ ಮಗಳು. ಹಳೇಕೋಟೆಯಲ್ಲಿ ನಾವಿಬ್ಬರೂ ಒಂದೇ ಜಗಲಿಯ ಮೇಲೆ ಬೆಳೆದವರು. ನಾನು ನರ್ಸ್ ಕೆಲಸಕ್ಕೆ ಸೇರಿ ಊರೂರು ತಿರುಗಿ ಈಗ ಇದೇ ಊರಿನಲ್ಲಿದ್ದೇನೆ. ಅವಳು ಹಾಸನದಲ್ಲಿ ಬಿ.ಎಸ್ಸಿ. ಓದಿದಳು, ಗಣಿತದಲ್ಲಿ ಕಾಲೇಜಿಗೇ ಮೊದಲು ಬಂದಳು, ಮಾರನೇ ವರ್ಷ ದೇವರಾಜನ ಕೈ ಹಿಡಿದಳು. ಕಾಲೇಜಿನವರು ಕೊಟ್ಟಿದ್ದ ಬೆಳ್ಳಿ ಪದಕ ಗಂಡನ ಮನೆಯಲ್ಲಿ ಕರಗಿ ನಾದಿನಿಯ ಮಗುವಿಗೆ ಕಾಲ್ಗೆಜ್ಜೆ ಆಯಿತು.

ದೇವರಾಜ ಕೆಟ್ಟವನಲ್ಲ ಎಂದು ಎಲ್ಲರೂ ಹೇಳುತ್ತಾರೆ. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ, ಹಬ್ಬಕ್ಕೆ ಸೀರೆ ತಪ್ಪಿಸುವುದಿಲ್ಲ. ನಮ್ಮ ಕಡೆ ಗಂಡಸಿಗೆ ಇಷ್ಟಿದ್ದರೆ ಸಾಕು, ದೇವರ ಪಕ್ಕದಲ್ಲಿ ಕೂರಿಸುತ್ತಾರೆ. ನನಗಂತೂ ಅವನನ್ನು ಕಂಡರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಅನುಕೂಲ.

ಸುಡೊಕು ಆ ಮನೆಗೆ ಬಂದಿದ್ದು ಪೇಪರಿನ ಜೊತೆ. ಒಂಬತ್ತು ಅಡ್ಡಸಾಲು, ಒಂಬತ್ತು ಉದ್ದಸಾಲು, ಒಳಗೆ ಒಂಬತ್ತು ಚೌಕ. ಪ್ರತಿಯೊಂದರಲ್ಲೂ ಒಂದರಿಂದ ಒಂಬತ್ತರವರೆಗೆ ಒಂದೊಂದು ಅಂಕಿ ಒಂದೇ ಸಲ ಬರಬೇಕು. ಆಟ ಇಷ್ಟೇ. ಸ್ನೇಹ ಅದನ್ನು ಹಿಡಿದುಕೊಂಡಿದ್ದನ್ನು ನೋಡಿದರೆ ಹಸಿದವಳ ಮುಂದೆ ಎಲೆ ಹಾಕಿದ ಹಾಗಿತ್ತು. ಒಂದು ಸ್ಲೇಟಿನ ಮೇಲೆ ಮೊಳೆಯಿಂದ ಗೆರೆ ಕೊರೆದು ಮನೆಗಳನ್ನು ಮಾಡಿಕೊಂಡಳು. ಪ್ರತಿ ಮನೆಯ ಮೂಲೆಯಲ್ಲಿ ಅಲ್ಲಿ ಕೂರಬಹುದಾದ ಅಂಕಿಗಳನ್ನೆಲ್ಲ ಬಳಪದಿಂದ ಸಣ್ಣದಾಗಿ ಬರೆಯುವುದು, ಆಮೇಲೆ ಒಂದೊಂದನ್ನೇ ಕಾರಣ ಹೇಳಿ ಬೆರಳಿನಿಂದ ಒರೆಸುವುದು. ಊಹೆ ಮಾಡಿ ಅಂಕಿ ಇಡುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ದೇವರಾಜನಿಗೆ ಕಲಿಸಿದವಳೂ ಅವಳೇ. ಪಂಪ್‌ಸೆಟ್ ಅಂಗಡಿ ಬಾಗಿಲು ಹಾಕಿ ಮಧ್ಯಾಹ್ನ ಊಟಕ್ಕೆ ಬಂದರೆ ಊಟ ಆದ ಮೇಲೆ ಇಬ್ಬರೂ ಸ್ಲೇಟಿನ ಮುಂದೆ ಕೂರುವರು. ಒಬ್ಬರು ಅಂಕಿ ಇಟ್ಟರೆ ಇನ್ನೊಬ್ಬರು ‘ಯಾಕೆ?’ ಅನ್ನಬೇಕು. ಕಾರಣ ಹೇಳಲಾಗದಿದ್ದರೆ ಅಂಕಿ ಅಳಿಸಬೇಕು. ಅದು ಆ ಮನೆಯ ಕಟ್ಟಲೆ. ಒಂದು ಅಡ್ಡಸಾಲಿನಲ್ಲಿ ಒಂಬತ್ತಕ್ಕೆ ಎರಡೇ ಮನೆ ಉಳಿದಿದ್ದು, ಇನ್ನೊಂದು ಅಡ್ಡಸಾಲಿನಲ್ಲೂ ಅದೇ ನೇರಕ್ಕೆ ಎರಡೇ ಉಳಿದಿದ್ದರೆ ನಾಲ್ಕು ಮನೆ ನಾಲ್ಕು ಕಾಲಿನ ಹಾಗೆ ಕಾಣುವುದರಿಂದ ಅದಕ್ಕೆ ಅವಳು ‘ಮಂಚ’ ಅನ್ನುತ್ತಿದ್ದಳು. ಮಂಚ ಸಿಕ್ಕಿತೆಂದರೆ ಆ ಎರಡು ಉದ್ದಸಾಲುಗಳ ಮಿಕ್ಕ ಮನೆಗಳಿಂದ ಒಂಬತ್ತನ್ನು ಎಬ್ಬಿಸಿ ಕಳಿಸಬಹುದು. ಒಂದು ಮಧ್ಯಾಹ್ನ ನಾನು ಅಲ್ಲೇ ಕೂತಿದ್ದೆ. ‘ಏನ್ರೀ, ಮಂಚ ಕಾಣಲ್ವಾ ನಿಮ್ಗೆ?’ ಅಂತ ಅವಳು ನಕ್ಕಿದ್ದು ನೆನಪಿದೆ. ಅವನೂ ನಕ್ಕಿದ್ದ. ಆಗ ನಗುತ್ತಿದ್ದರು ಅನ್ನುವುದನ್ನು ನಾನು ಮರೆಮಾಚಬಾರದು.

ಹಾಸನದಲ್ಲಿ ಸುಡೊಕು ಹುಚ್ಚಿನವರದೊಂದು ಬಳಗ ಇದೆ. ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ಪಂಚಾಕ್ಷರಯ್ಯ ಅದರ ಅಧ್ಯಕ್ಷರು. ಹಾಸನ, ಅರಕಲಗೂಡು, ನಮ್ಮ ಹೊಳೆನರಸೀಪುರದವರೆಲ್ಲ ಸೇರಿದ ವಾಟ್ಸಾಪ್ ಗುಂಪು. ಸ್ನೇಹ ತಾನೇ ಕೂತು ಹೊಸ ಸುಡೊಕು ಕಟ್ಟುತ್ತಿದ್ದಳು. ದೇವರಾಜ ಅದರ ಫೋಟೋ ತೆಗೆದು ‘ರಚನೆ: ದೇವರಾಜ್, ಹೊ.ನ.ಪುರ’ ಎಂದು ಬರೆದು ಗುಂಪಿಗೆ ಹಾಕುತ್ತಿದ್ದ. ‘ನನ್ ಹೆಸ್ರೂ ಒಂದ್ ಕಡೆ ಆಕ್ರೀ’ ಎಂದು ಅವಳು ಕೇಳಿದ್ದಕ್ಕೆ ‘ನಿಂದೂ ನಂದೂ ಬ್ಯಾರೆ ಬ್ಯಾರೇನಾ?’ ಅಂದನಂತೆ. ಈ ಮಾತಿಗೆ ನಮ್ಮ ಹೆಂಗಸರು ಕರಗಿ ನೀರಾಗುತ್ತಾರೆ. ಅವಳೂ ಆದಳು. ದೇವರಾಜ ಬಳಗದ ಕಾರ್ಯದರ್ಶಿ ಆದ.

ಕಳೆದ ವರ್ಷ ಬಳಗದ ಸ್ಪರ್ಧೆಗೆ ಮುಂಚೆ ಯಾರದೋ ಮದುವೆ ಪಂಕ್ತಿಯಲ್ಲಿ ಪಂಚಾಕ್ಷರಯ್ಯನವರು ತಮಾಷೆಗೆ ಕೇಳಿಬಿಟ್ಟರು. ‘ದೇವರಾಜಣ್ಣ, ಕಟ್ಟೋರು ನಿಮ್ ಮನೆಯೋರಂತೆ, ಕೀರ್ತಿ ಮಾತ್ರ ನಿಮ್ದಂತೆ, ನಿಜವಾ?’ ಪಂಕ್ತಿ ಪೂರ್ತಿ ನಕ್ಕಿತು. ದೇವರಾಜನ ಮುಖ ಬಾಡಿದ ಬದನೆಕಾಯಿ ಆಯಿತು. ಮನೆಗೆ ಬಂದವನೇ ಈ ಸಲದ ಕೊನೇ ಸುತ್ತಿನ ಸುಡೊಕು ನಾನೇ ಕಟ್ಟುತ್ತೇನೆ, ನೀನು ಕೈ ಹಾಕಬೇಡ ಅಂದ. ಅಂಗಡಿಯಲ್ಲಿ ಕೂತು ಕಟ್ಟಿದ. ಕಟ್ಟಿ ತಾನೇ ಬಿಡಿಸಿ ನೋಡಿದ. ಸರಿ ಬಂತು. ಉಬ್ಬಿಹೋದ.

ಸ್ಪರ್ಧೆಯ ಹಿಂದಿನ ದಿನ ಸ್ನೇಹಳಿಗೆ ತೋರಿಸಿದ್ದು ಹೊಗಳಿಸಿಕೊಳ್ಳುವುದಕ್ಕೆ. ಅವಳು ಸ್ಲೇಟು ತಂದು ಕೂತಳು. ನಾನು ಹುಣಸೆಹಣ್ಣು ಬಿಡಿಸುತ್ತಾ ಪಕ್ಕದಲ್ಲೇ ಇದ್ದೆ. ಜೋಡಿ ಹಿಡಿದಳು, ಮಂಚ ಹಿಡಿದಳು, ಒಂದು ಅಂಕಿಯ ಬಾಲ ಹಿಡಿದು ಇನ್ನೊಂದಕ್ಕೆ ಹೋಗಿ ಸರಪಳಿ ಕಟ್ಟಿದಳು. ಮುಕ್ಕಾಲು ಭಾಗ ತುಂಬಿತು. ಆಮೇಲೆ ಕೈ ನಿಂತಿತು.

‘ರೀ, ಇಲ್ಲಿ ಐದು ಯಾಕೆ?’

ಅವನು ವಿವರಿಸಿದ. ಅದನ್ನು ಅವನು ಯಾವುದೋ ವೀಡಿಯೊ ನೋಡಿ ಕಲಿತಿದ್ದ. ನಾಲ್ಕು ಮನೆಗಳು ಎರಡೇ ಚೌಕಗಳೊಳಗೆ ಚೌಕಟ್ಟಿನ ನಾಲ್ಕು ಮೂಲೆಯ ಹಾಗೆ ನಿಂತಿದ್ದವು. ಮೂರರಲ್ಲಿ ಎರಡು ಅಥವಾ ಏಳು ಬಿಟ್ಟರೆ ಬೇರೇನೂ ಕೂರುವುದಿಲ್ಲ. ನಾಲ್ಕನೆಯದರಲ್ಲಿ ಎರಡು, ಏಳು, ಅಥವಾ ಐದು. ನಾಲ್ಕರಲ್ಲೂ ಎರಡು ಏಳೇ ತುಂಬಿದರೆ ಅವನ್ನು ಅದಲು ಬದಲು ಮಾಡಿದರೂ ನಡೆಯುತ್ತದೆ, ಅಲ್ಲಿಗೆ ಎರಡು ಉತ್ತರ ಆಗುತ್ತದೆ. ಸುಡೊಕುವಿಗೆ ಇರುವುದು ಒಂದೇ ಉತ್ತರ. ಆದ್ದರಿಂದ ನಾಲ್ಕನೆಯದರಲ್ಲಿ ಐದೇ ಇರಬೇಕು.

‘ಅದು ಬಿಡ್ಸೋರಿಗೆ ಕಣ್ರೀ. ಕಟ್ಟಿರೋರು ಒಂದೇ ಉತ್ರ ಇಟ್ಟವ್ರೆ ಅಂತ ನಂಬ್ಕೊಂಡು ಬಿಡ್ಸೋರು ಐದು ಇಡ್ಬೌದು. ಕಟ್ಟಿರೋರು ನೀವೇ ಅಲ್ವಾ? ಒಂದೇ ಉತ್ರ ಅದೆ ಅಂತ ನೀವೇ ನಂಬ್ಕೊಂಡು, ಒಂದೇ ಉತ್ರ ಬಂತು ಅಂತ ನೀವೇ ಕುಣುದ್ರೆ ಎಂಗೆ? ಇಲ್ಲಿ ನೋಡಿ.’

ಐದು ಇಟ್ಟು ಪೂರ್ತಿ ಮಾಡಿ ತೋರಿಸಿದಳು. ಅಳಿಸಿ, ಎರಡು ಇಟ್ಟು ಪೂರ್ತಿ ಮಾಡಿದಳು. ಮತ್ತೆ ಅಳಿಸಿ ಏಳು ಇಟ್ಟಳು. ಮೂರೂ ಸಲ ಅಡ್ಡಸಾಲು, ಉದ್ದಸಾಲು, ಚೌಕ ಎಲ್ಲವೂ ಸರಿಯಾಗಿ ಕೂತವು. ‘ಮೂರು ಉತ್ರ ಅವೆ. ಈ ಮೂಲೇಲಿ ಐದನ್ನ ಮೊದ್ಲೇ ಕೊಟ್ಬುಡಿ, ಸರಿಹೋಯ್ತದೆ’ ಅಂದಳು. ತಪ್ಪು ತೋರಿಸಿ ತಿದ್ದುವ ದಾರಿಯನ್ನೂ ಅದೇ ಉಸಿರಿನಲ್ಲಿ ಹೇಳಿದ್ದಳು, ಇದನ್ನು ನೀವು ಗಮನಿಸಬೇಕು.

ಅವನು ಸ್ಲೇಟಿನ ಕಡೆ ಕಣ್ಣು ಹಾಯಿಸಲೂ ಇಲ್ಲ. ‘ನಂಗೂ ಬುದ್ಧಿ ಅದೆ ಕಣೇ’ ಅಂದು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದ.

ಅವಳು ಸ್ಲೇಟನ್ನು ಪಕ್ಕಕ್ಕೆ ಸರಿಸಿದಳು. ‘ಅಕ್ಕ, ನಂಗೆ ಹೆಸ್ರು ಬ್ಯಾಡ. ನೀನ್ ಹೇಳಿದ್ದು ಸರಿ ಅಂತ ಬಾಯ್ಬುಟ್ಟು ಒಂದ್ ಸಲ ಅನ್ಲಿ. ಒಂದೇ ಒಂದ್ ಸಲ. ಇಷ್ಟು ವರ್ಷದಾಗೆ ಒಂದ್ ದಿನಾನೂ ಅಂದಿಲ್ಲ’ ಅಂದಳು. ಅವಳು ಬೇಡಿದ್ದು ಅಷ್ಟು. ನನಗೆ ಅಳು ಬಂತು, ಸಿಟ್ಟೂ ಬಂತು. ಹುಣಸೆಹಣ್ಣನ್ನು ಅಲ್ಲೇ ಬಿಟ್ಟು ಎದ್ದೆ.

ಸ್ಪರ್ಧೆ ನಡೆದದ್ದು ಹಾಸನದ ಒಂದು ಕಲ್ಯಾಣಮಂಟಪದ ಊಟದ ಹಾಲಿನಲ್ಲಿ. ನನ್ನ ಕಾರಿನಲ್ಲೇ ಮೂವರೂ ಹೋದೆವು. ದೇವರಾಜ ಇಸ್ತ್ರಿ ಮುರಿಯದ ಬಿಳಿ ಅಂಗಿ ಹಾಕಿ ವೇದಿಕೆಯ ಮೇಲೆ ಕೂತಿದ್ದ. ನಾವಿಬ್ಬರೂ ಹಿಂದಿನ ಬೆಂಚಿನಲ್ಲಿ. ಕೊನೇ ಸುತ್ತಿನ ಹಾಳೆ ಹಂಚಿದಾಗ ಸ್ನೇಹ ಮುಂದಿನವರ ಹೆಗಲ ಮೇಲಿಂದ ಇಣುಕಿದಳು. ಆ ಮೂಲೆ ಖಾಲಿಯೇ ಇತ್ತು. ಸೆರಗಿನಿಂದ ಮುಖ ಒರೆಸಿಕೊಂಡಳು.

ಮೊದಲು ಮುಗಿಸಿ ಕೈ ಎತ್ತಿದವಳು ಅರಕಲಗೂಡಿನ ಪ್ರೇಕ್ಷಾ, ಪಿಯುಸಿ ಓದುವ ಹುಡುಗಿ. ಪಂಚಾಕ್ಷರಯ್ಯನವರು ಅವಳ ಹಾಳೆಯನ್ನು ದೇವರಾಜ ಕೊಟ್ಟ ಉತ್ತರದ ಪಕ್ಕ ಇಟ್ಟು ನೋಡಿ ಇಲ್ಲವೆಂದು ತಲೆಯಾಡಿಸಿದರು. ಹುಡುಗಿ ಬಿಡಲಿಲ್ಲ.

‘ಸರ್, ಸಾಲೆಲ್ಲಾ ನೋಡಿ, ಚೌಕ ಎಲ್ಲಾ ನೋಡಿ. ಎಲ್ಲಿ ತಪ್ಪಿದೆ ಹೇಳಿ ಸರ್.’

‘ಉತ್ತರಕ್ಕೆ ಹೊಂದ್ತಾ ಇಲ್ವಲ್ಲಮ್ಮ’ ಎಂದ ದೇವರಾಜ ಮೈಕಿನಲ್ಲಿ, ಬಹಳ ಮೃದುವಾಗಿ. ‘ಐದು ಇರ್ಬೇಕಾದ ಕಡೆ ಎರಡು ಇಟ್ಟಿದೀಯ. ಮುಂದಿನ ಸಲ ಬಾ.’

ನನ್ನ ಪಕ್ಕದಲ್ಲಿ ಸ್ನೇಹ ಎದ್ದು ನಿಂತಳು. ಸಭೆಯಲ್ಲಿ ಒಂದು ದಿನವೂ ಬಾಯಿ ಬಿಟ್ಟವಳಲ್ಲ. ‘ಆ ಮಗು ಹೇಳೋದು ಸರಿ. ಈ ಸುಡೊಕುಗೆ ಮೂರು ಉತ್ತರ ಇದಾವೆ. ಬೋರ್ಡು ಕೊಡಿ, ತೋರಿಸ್ತೀನಿ’ ಅಂದಳು.

ದೇವರಾಜ ಒಂದು ಕ್ಷಣ ಅವಳನ್ನು ನೋಡಿದ. ಆಮೇಲೆ ನಕ್ಕ. ‘ನಮ್ಮನೆಯೋರು ಸಾ. ಬೆಳಗ್ಗೆಯಿಂದ ಬಿಪಿ ಜಾಸ್ತಿಯಾಗಿ ತಲೆ ಸುತ್ತು ಅಂತಿದ್ರು, ಬ್ಯಾಡ ಅಂದ್ರೂ ಬಂದವ್ರೆ. ಕೂತ್ಕೊ ಸ್ನೇಹ, ನೀರು ಕುಡಿ.’

ಬಿಪಿ! ಅವಳ ಬಿಪಿ ನೋಡುವವಳು ನಾನು. ಅವಳದು ಕಾಲೇಜು ಹುಡುಗಿಯರಿಗಿಂತ ಚೆನ್ನಾಗಿದೆ. ‘ಅವಳ್ಗೆ ಯಾವ ಬಿಪೀನೂ ಇಲ್ಲ, ನಾನು ನರ್ಸು!’ ಎಂದು ಕೂಗಿದೆ. ಕೂಗಿದ್ದೇ ತಡ, ಇಡೀ ಹಾಲು ಘೊಳ್ಳೆಂದು ನಕ್ಕಿತು. ಯಾರೋ ಹಿಂದಿನಿಂದ ನೀರಿನ ಬಾಟಲಿಯನ್ನೇ ತಂದು ಅವಳ ಕೈಗಿಟ್ಟರು. ಪಂಚಾಕ್ಷರಯ್ಯನವರು ಗಡಿಯಾರ ನೋಡಿ, ಪೇಪರಿನವರು ಫೋಟೋಗೆ ಕಾಯುತ್ತಿದ್ದಾರೆ, ಮನೆ ಮಾತು ಮನೆಯಲ್ಲಿರಲಿ ಎಂದು ಕೈಮುಗಿದರು. ಆ ಮನೆಯಲ್ಲಿ ಐದು ಇಟ್ಟಿದ್ದ ಹಾಸನದ ದಿಲೀಪನಿಗೆ ಬಹುಮಾನದ ಕಪ್ ಹೋಯಿತು. ಪಾಪ, ಅವನ ತಪ್ಪೇನೂ ಇಲ್ಲ.

ಹೊರಗೆ ಚಪ್ಪಲಿ ಬಿಟ್ಟಿದ್ದ ಕಡೆ ಪ್ರೇಕ್ಷಾ ಅಳು ತಡೆದುಕೊಂಡು ನಿಂತಿದ್ದಳು. ‘ಆಂಟಿ, ನಾನು ಎಲ್ಲಿ ತಪ್ಪು ಮಾಡ್ದೆ?’

‘ಎಲ್ಲೂ ಇಲ್ಲ ಕಣವ್ವ’ ಅಂದಳು ಸ್ನೇಹ. ಹುಡುಗಿ ನಂಬಲಿಲ್ಲ. ತಲೆ ಸುತ್ತು ಬರುವ ಆಂಟಿಯ ಮಾತನ್ನು ಯಾರು ನಂಬುತ್ತಾರೆ?

ವಾಪಸು ಬರುವಾಗ ರೈಲ್ವೆ ಗೇಟು ಹಾಕಿತ್ತು. ಇಂಜಿನ್ ಆಫ್ ಮಾಡಿದೆ. ಸ್ನೇಹ ಹಿಂದಿನ ಸೀಟಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ದೇವರಾಜನಿಗೇ ತಡೆಯಲಾಗಲಿಲ್ಲವೋ ಏನೋ, ಮುಂದಿನ ಸೀಟಿನಿಂದ ತಿರುಗಿ ರಮಿಸುವ ದನಿಯಲ್ಲಿ ಶುರುಮಾಡಿದ.

‘ಅಷ್ಟು ಜನದೆದ್ರು ಎದ್ದು ನಿಂತ್ಕಂಡ್ರೆ ನಾನೇನ್ ಮಾಡ್ಲಿ ಹೇಳು? ನೀನು ಹೇಳಿದ್ದು ನಂಗೇನು ಗೊತ್ತಿರ್ಲಿಲ್ವಾ? ನಿನ್ನೆ ಅಂಗ್ಡೀಗೆ ಹೋದೋನೇ ಫೋನಲ್ಲಿ ಸುಡೊಕು ಬಿಡ್ಸೋ ಆಪ್‌ಗೆ ಆಕಿ ನೋಡ್ದೆ. ಮೂರು ಉತ್ರ ಅಂತ ಅದೂ ತೋರುಸ್ತು.’

ಸ್ನೇಹ ಹಿಂದಿನಿಂದ ತುಂಬಾ ನಿಧಾನವಾಗಿ ಕೇಳಿದಳು.

‘ಗೊತ್ತಿತ್ತಾ? ಆಮೇಲೂ ಟೈಮಿತ್ತಲ್ಲ. ಒಂದು ಐದು ಬರುದ್ರೆ ಆಯ್ತಿತ್ತಲ್ಲ. ಆ ಮಗು ಗೆಲ್ತಿತ್ತಲ್ಲ.’

‘ಬರುದ್ರೆ ನೀನೇಳಿದ್ದೇ ಸರಿ ಅಂತ ಆಯ್ತಿತ್ತಲ್ಲ’ ಅಂದ ಅವನು.

ಅದನ್ನು ಅವನು ಜಗಳದ ದನಿಯಲ್ಲಿ ಹೇಳಲಿಲ್ಲ. ಇದರಲ್ಲಿ ಕೇಳುವುದೇನಿದೆ, ಎಲ್ಲರಿಗೂ ಗೊತ್ತಿರುವುದೇ ಅಲ್ಲವೇ ಅನ್ನುವ ಹಾಗೆ ಹೇಳಿದ. ರೈಲು ಹೋಯಿತು, ಗೇಟು ಎದ್ದಿತು, ಹಿಂದಿನವರು ಹಾರನ್ ಬಾರಿಸಿದರು. ಅವನನ್ನು ಅಲ್ಲೇ ಇಳಿಸಿ ಹೋಗಬೇಕು ಎಂದು ನನ್ನ ಮೈಯೆಲ್ಲ ಹೇಳುತ್ತಿತ್ತು. ಬಾಗಿಲ ಕಡೆ ಕೈ ಮಾಡಿದೆ ಕೂಡ.

‘ನಡಿ ಅಕ್ಕ. ಮಳೆ ಬರೋ ಅಂಗದೆ, ಮಾಳಿಗೆ ಮ್ಯಾಲೆ ಮೆಣಸಿನಕಾಯಿ ಒಣಗಾಕಿವ್ನಿ’ ಅಂದಳು ಸ್ನೇಹ.

ಅವಳು ಮನೆ ಬಿಟ್ಟು ಬರಲಿಲ್ಲ. ನಾನು ಕರೆದೆ, ನನ್ನ ಮನೆಯಲ್ಲಿ ಕೋಣೆ ಇದೆ ಅಂದೆ. ಬೇಡ ಅಂದಳು. ಸುಡೊಕು ಕಟ್ಟುವುದನ್ನು ಬಿಟ್ಟಳು. ಅವನು ಮಧ್ಯಾಹ್ನ ಪೇಪರ್ ಹಿಡಿದು ಕೂಗಿದರೆ ಈಗಲೂ ಹೋಗಿ ಎದುರು ಕೂರುತ್ತಾಳೆ. ಹೋದ ವಾರ ನಾನೂ ಅಲ್ಲಿದ್ದೆ. ಅವನು ಒಂದು ಮನೆಯಲ್ಲಿ ಎಂಟು ಇಟ್ಟ. ಅದೇ ಉದ್ದಸಾಲಿನಲ್ಲಿ ಕೆಳಗೆ ಇನ್ನೊಂದು ಎಂಟು ಇತ್ತು. ನನಗೇ ಕಂಡಿತು, ಅವಳಿಗೆ ಕಾಣದೆ ಇರುತ್ತದೆಯೇ? ‘ಸರಿಯಾ?’ ಎಂದು ಕೇಳಿದ. ‘ಸರಿ’ ಅಂದಳು. ಅವನು ಮುಂದಿನ ಮನೆಗೆ ಹೋದ. ಕೊನೆಯಲ್ಲಿ ಯಾವುದೂ ಹೊಂದದೆ ಪೇಪರನ್ನು ಮುದುರಿ ಎಸೆದ, ಪ್ರಿಂಟಿನವರನ್ನು ಬೈದ. ಅವಳು ಅದಕ್ಕೂ ಹೂಂ ಅಂದು ಊಟದ ಎಲೆ ಎತ್ತಿಕೊಂಡು ಒಳಗೆ ಹೋದಳು.

ಹೊರಡುವಾಗ ನನ್ನನ್ನು ಬಾಗಿಲವರೆಗೂ ಬಿಡಲು ಬಂದವನು ದನಿ ತಗ್ಗಿಸಿ, ಮುಖ ಅರಳಿಸಿಕೊಂಡು ಹೇಳಿದ: ‘ಅಕ್ಕ, ಒಂದ್ ಮಾತು. ನಿಮ್ ತಂಗಿ ಈಗೀಗ ಸಕತ್ತು ಬದಲಾಗವ್ಳೆ. ನಮ್ಮನೇಲಿ ಈಗ ಒಂದು ಜಗಳ ಅಂತ ಇಲ್ಲ ನೋಡಿ.’