ಒರೆಸದೆ ಕೊಟ್ಟ ಕೋಲು

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಅಪ್ಪ ಕೋಡಿಯ ಕಡಲ ದಡದಲ್ಲಿ ಬಲೆ ಎಳೆದ, ಅಮ್ಮ ಮೀನಿನ ಬುಟ್ಟಿ ಹೊತ್ತಳು, ನಾನು ಬಿ.ಕಾಂ. ಆದೆ. ಕುಂದಾಪುರದ ಮೀನು ರಫ್ತಿನ ಕಂಪನಿಯೊಂದರಲ್ಲಿ ಲೆಕ್ಕ ಬರೆಯಲು ಸೇರಿದರೆ, ಭಾನುವಾರ ಸಿಕ್ಕಿದ ಕೆಲಸ ದಣಿಯ ಗಾಲ್ಫ್ ಕೋಲು ಒರೆಸುವುದು!

ದಣಿ ಬ್ರಹ್ಮಾವರದ ಕಡೆಯವರು, ಮುಂಬೈಯಲ್ಲಿ ಹೋಟೆಲ್ ನಡೆಸಿ ಬಂದವರು. ಬೈಂದೂರಿನ ಗದ್ದೆಯೊಂದಕ್ಕೆ ಹುಲ್ಲು ಹಾಸಿಸಿ ಅದನ್ನು 'ಕೋರ್ಸು' ಎನ್ನುತ್ತಿದ್ದರು. ಉಳುವ ಜೋಡಿ ಕೋಣ ಒಂದು ಸುತ್ತು ತಿರುಗಿದರೆ ಮುಗಿಯುವ ಜಾಗ. ಬಿಳಿ ಟೋಪಿ, ಎಡಗೈಗೆ ಮಾತ್ರ ಗ್ಲೌಸು, ಕೈಯಲ್ಲಿ 'ಐರನ್' ಎಂಬ ಕಬ್ಬಿಣದ ತಲೆಯ ಕೋಲು. ಬೀಸಿದರೆ ಮೊದಲು ಹಾರುವುದು ಮಣ್ಣಿನ ಹೆಂಟೆ. ಚೆಂಡು ಅದರ ಹಿಂದೆ ನಾಚಿಕೊಂಡು ಉರುಳುತ್ತಿತ್ತು.

"ಹುಲ್ಲೇ ಸಮ ಇಲ್ಲೆ," ಎಂದು ದಣಿ ಮಣ್ಣಾದ ಕೋಲನ್ನು ನನ್ನತ್ತ ಚಾಚುತ್ತಿದ್ದರು. "ಹ್ವಾಯ್ ಡಿಗ್ರಿ, ಒರ್ಸ್ ಕಾಂಬ! ನೀ ಹೊಡ್ದ್ ಚೆಂಡ್ ಒಂದ್ ಸಲ ಮೇಲ್ ಎದ್ರೆ ಮತ್ತೆ ನೀ ಒರ್ಸುದ್ ಬ್ಯಾಡ."

ಆಟ ನೋಡಲು ಬಂದ ಅವರ ನಂಟರು ಹಲ್ಲು ಕಿರಿಯುತ್ತಿದ್ದರು. ದಣಿ ನಕ್ಕರೆ ನಗುವುದೇ ಅವರ ಉದ್ಯೋಗ.

ಹಿಡಿ ಹರಿದು ಮೂಲೆಗೆ ಬಿದ್ದಿದ್ದ ಐರನ್ ಒಂದನ್ನೂ ಹಳೆ ಚೆಂಡೊಂದನ್ನೂ ಕೇಳಿ ಮನೆಗೆ ತಂದೆ. ಕೋಡಿಯಲ್ಲಿ ನೀರು ಇಳಿದಾಗ ಮರಳು ಒದ್ದೆಯಾಗಿ ಗಟ್ಟಿ ಇರುತ್ತದೆ. ಹಿಮ್ಮಡಿಯಿಂದ ಗೆರೆ ಎಳೆದು, ಗೆರೆಯ ಮೇಲೆ ಚೆಂಡಿಟ್ಟು ಹೊಡೆದೆ. ಮರಳು ಕಿತ್ತ ಗುರುತು ಗೆರೆಯ ಹಿಂದೆಯೇ! ಆಗ ಗೊತ್ತಾಯಿತು, ಇದು ಚಿನ್ನಿದಾಂಡಿನ ಕೈ. ಚಿನ್ನಿಯನ್ನು ಕೆಳಗಿನಿಂದ ಎಬ್ಬಿಸಿ ಬೆಳೆದವರು ನಾವು, ಚೆಂಡನ್ನೂ ಎಬ್ಬಿಸಲು ಹೋಗುತ್ತೇವೆ. ದಣಿಗೂ ಇದೇ ರೋಗ. ಮುಂಬೈ ನೀರು ಕುಡಿದರೂ ಬಿಟ್ಟಿರಲಿಲ್ಲ. ಕೋಲು ಕೆಳಮುಖವಾಗಿ ಬಂದು ಮೊದಲು ಚೆಂಡಿಗೆ, ಆಮೇಲೆ ನೆಲಕ್ಕೆ ತಾಗಬೇಕು. ಎಬ್ಬಿಸುವ ಕೆಲಸ ಕಬ್ಬಿಣದ ಓರೆಗೆ ಬಿಟ್ಟದ್ದು.

ಮೀನು ಒಣಗಿಸುತ್ತಿದ್ದ ಅಮ್ಮ ಕೂಗಿದಳು: "ಎಂತ ಮಗಾ, ಏಡಿ ಹೊಡಿತ್ಯಾ? ಇದಕ್ಕಾ ನಿನ್ನ ಓದ್ಸದ್ದ್?"

"ಇದಕ್ಕೇ ಅಮ್ಮ," ಅಂದೆ. ಗುರುತು ಗೆರೆಯ ಮುಂದಕ್ಕೆ ಸರಿಯುವವರೆಗೆ ರಜೆಯೆಲ್ಲ ಅಲ್ಲೇ ಕಳೆಯಿತು.

ಮುಂದೊಂದು ಭಾನುವಾರ, ನಾನೂ ಒಂದು ಹೊಡೆಯುತ್ತೇನೆ ಅಂದೆ. ದಣಿ ತಮ್ಮ ಕೋಲನ್ನೇ ಚಾಚಿದರು.

"ಹೊಡಿ, ಹೊಡಿ. ಬಲೆ ಬೀಸ್ದಂಗೆ ಅಲ್ಲ ಇದ್."

ಹೊಡೆದೆ. ಕೈಗೆ ಏನೂ ತಾಗಿದಂತೆಯೇ ಆಗಲಿಲ್ಲ. ಚೆಂಡು ಎದ್ದು, ಕೋರ್ಸು ದಾಟಿ, ಪಕ್ಕದವರ ಉದ್ದಿನ ಗದ್ದೆಗೆ ಬಿತ್ತು. ಕೋಲಿನ ತಲೆಗೆ, ಚೆಂಡು ಹೋದ ಮೇಲೆ ಕಿತ್ತ ಮಣ್ಣು ಅಂಟಿತ್ತು.

"ಲಕ್ಕ್ ಮಾರಾಯಾ, ಬರೀ ಲಕ್ಕ್," ಎಂದರು ದಣಿ. ನಂಟರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ನಾನು ಕೋಲನ್ನು ಮಣ್ಣು ಸಮೇತ ಅವರ ಗ್ಲೌಸಿನ ಕೈಗೇ ಕೊಟ್ಟೆ.

"ಚೆಂಡ್ ಎದ್ತಲ್ದಾ ದಣಿ. ಇನ್ನ್ ನೀವೇ ಒರ್ಸ್ಕಣಿ."