ಗಡಿಯಾಚೆಯಿಂದ ತರುತ್ತಿದ್ದ ಗುಳಿಗೆ

ಕಳೆದ ಶ್ರಾವಣದ ಮೊದಲ ವಾರ ಕೃಷ್ಣೆಯ ನೀರು ರಸ್ತೆಗೆ ಬಂದು, ಮಿರಜದಿಂದ ಕರ್ನಾಟಕದ ಕಡೆ ಹೋಗುವ ಬಸ್ಸುಗಳು ನಿಂತವು. ಅದೇ ವಾರ, ನನ್ನ ತಂಗಿ ತೀರಿಹೋದ ಮೇಲೆ ನಮ್ಮಲ್ಲೇ ಬೆಳೆದ ಅವಳ ಮಗಳ ಎಚ್‌ಐವಿ ಗುಳಿಗೆ ಮುಗಿದವು. ನೀರು ಇಳಿಯಿತು, ಬಸ್ಸು ಓಡತೊಡಗಿದವು, ಅವಳು ಗುಳಿಗೆ ತರಲು ಹೋಗಲಿಲ್ಲ. ನಮಗೆ ಗೊತ್ತಾದದ್ದು ಗಣೇಶ ಚೌತಿ ಮುಗಿದ ಮೇಲೆ, ಗಡಿಯಾಚೆ ಊರಿನ ಆಸ್ಪತ್ರೆಯ ಆಪ್ತ ಸಲಹೆಗಾರ್ತಿ ನನಗೆ ಫೋನು ಮಾಡಿದಾಗ.

ಮಿರಜದಲ್ಲಿ ಇರುವವರು ಔಷಧಕ್ಕೆ ಬೇರೆ ಊರಿಗೆ ಯಾಕೆ ಹೋಗಬೇಕು ಎಂದು ಯಾರಾದರೂ ಕೇಳಿಯಾರು. ಇದು ಆಸ್ಪತ್ರೆಗಳ ಊರು. ಸ್ಟೇಷನ್ನಿನಲ್ಲಿ ಇಳಿಯುವವರಲ್ಲಿ ಅರ್ಧ ಜನ ರೋಗಿಗಳು, ಇನ್ನರ್ಧ ಅವರ ಬುತ್ತಿಗಂಟು ಹೊತ್ತವರು. ಗುಳಿಗೆ ಇಲ್ಲೂ ಪುಕ್ಕಟೆ, ಸಾಂಗ್ಲಿಯಲ್ಲೂ ಪುಕ್ಕಟೆ. ಆದರೆ ನಮ್ಮದು ಪೇಟೆಯಲ್ಲಿ ಬೆಲ್ಲ, ಅರಿಶಿನದ ಅಂಗಡಿ ಇರುವ ಮನೆ. ಹುಟ್ಟಿನಿಂದಲೇ ಸೋಂಕಿದ್ದ ಕೂಸನ್ನು ನಮ್ಮ ಗುರುತಿಲ್ಲದ ಊರಲ್ಲೇ ತೋರಿಸಬೇಕೆಂದು ಅಂಗಡಿ ನಡೆಸುವ ನನ್ನ ಅಣ್ಣ ತೀರ್ಮಾನಿಸಿದ. ಚಿಕ್ಕವಳಿದ್ದಾಗ ನನ್ನ ಹೆಂಡತಿ ಕರೆದುಕೊಂಡು ಹೋಗುತ್ತಿದ್ದಳು. ಈಗ ಹುಡುಗಿ ಸಾಂಗ್ಲಿಯ ಕಾಲೇಜಿನಲ್ಲಿ ಓದುತ್ತಾಳೆ, ಒಬ್ಬಳೇ ಹೋಗಿ ಬರುತ್ತಿದ್ದಳು. ಗುಳಿಗೆ ತರಲು ಪ್ರತಿ ಸಲ ಇಡೀ ದಿನ ಬೇಕು, ಪ್ರಾಕ್ಟಿಕಲ್ ತಪ್ಪುತ್ತದೆ, ಕಾರಣ ಹೇಳಬೇಕಾಗುತ್ತದೆ. ಕಾಲೇಜಿನವರ ಲೆಕ್ಕದಲ್ಲಿ ನಮ್ಮ ಮನೆಯ ಅಜ್ಜಿಯರು ಸಾಯುತ್ತಲೇ ಇದ್ದಾರೆ.

ಫೋನು ಬಂದ ಸಂಜೆ ಎಲ್ಲರೂ ಪಡಸಾಲೆಯಲ್ಲಿ ಕೂತೆವು.

“ಯಾಕ ನಿಲ್ಲಿಸಿದಿ?” ಎಂದು ನಾನು ಕೇಳಿದೆ.

“ನಾ ಎಲ್ಲಿ ನಿಲ್ಲಿಸಿದ್ನಿ ಮಾಮಾ? ಬಸ್ ನಿಂತ್ವು. ಆಮೇಲ ನೋಡಿದ್ನಿ, ಗುಳಿಗಿ ಇಲ್ಲದಿದ್ರೂ ಏನೂ ಆಗ್ಲಿಲ್ಲ.”

“ಮ್ಯಾಲ ಕಾಣೂದಿಲ್ಲ. ಒಳಗ ವೈರಸ್ ಏರತಿರತೈತಿ. ಹಿಂಗ ಬಿಟ್ಟು ಬಿಟ್ಟು ನುಂಗಿದ್ರ ನಾಳೆ ಇದೇ ಗುಳಿಗಿ ನಾಟೂದಿಲ್ಲ.” ಫೋನಿನಲ್ಲಿ ಕೇಳಿದ್ದನ್ನೇ ನಾನು ಒಪ್ಪಿಸಿದೆ.

“ಗೊತ್ತೈತ್ರಿ. ಸಾಯನ್ಸ್ ಓದಾಕಿ ನಾನು, ಪೇಪರ್ ಓದಾವ್ರು ನೀವು.”

ಅಣ್ಣ ತಾನೇ ನಾಳೆ ಅವಳನ್ನು ಆಚೆ ಊರಿಗೆ ಕರೆದೊಯ್ಯುತ್ತೇನೆ ಎಂದ.

“ನಾ ಬರೂದಿಲ್ಲ. ಗುಳಿಗಿ ತಗೋತೇನಿ, ಸಾಂಗ್ಲ್ಯಾಗ ತಗೋತೇನಿ. ಕಾಲೇಜ್ ಮುಗಿಸಿ ನಡಕೋತ ಹೋಗೂವಷ್ಟ ದೂರ. ಸಂಗಾಟ ಯಾರೂ ಬರಬ್ಯಾಡ್ರಿ.”

“ಅಲ್ಲೆ ನಮ್ಮ ಗಿರಾಕಿ ಒಬ್ಬಾಕಿ ನರ್ಸ್ ಅದಾಳವಾ,” ಎಂದಳು ನನ್ನ ಹೆಂಡತಿ.

“ಹಂಗಾರ ಆಕಿಗೆ ಛಲೋ ಬೆಲ್ಲ ಕೊಡ್ರಿ ಮಾಮಿ. ಬಾಯಿ ಅಂಟಕೊಂಡಿರತೈತಿ.”

ಮಾತು ವಾರವೆಲ್ಲ ನಡೆಯಿತು. ನಾಳೆ ಮದುವೆ ಮಾತು ಬಂದಾಗ ಏನು ಹೇಳುವುದು ಎಂದು ಅಣ್ಣ ದಿನಾ ಕೇಳಿದ. ಹುಡುಗಿ ಗುಳಿಗೆಯಿಲ್ಲದೆ ಕೂತಿದ್ದಳು, ನಾವು ಇನ್ನೂ ಹುಟ್ಟಿದ್ದಾನೋ ಇಲ್ಲವೋ ಗೊತ್ತಿಲ್ಲದ ವರನ ಅಪ್ಪನಿಗೆ ಉತ್ತರ ಸಿದ್ಧಪಡಿಸುತ್ತಿದ್ದೆವು. ಕೊನೆಗೆ ನಾನು ಅಣ್ಣನನ್ನು ಕೇಳುವುದು ಬಿಟ್ಟು ಆಸ್ಪತ್ರೆಗೇ ಫೋನು ಮಾಡಿದೆ. ಅವಳ ಚಿಕಿತ್ಸೆಯನ್ನು ಸಾಂಗ್ಲಿಗೆ ವರ್ಗ ಮಾಡಿಕೊಡುತ್ತೇವೆ, ಒಮ್ಮೆ ಬಂದು ಪರೀಕ್ಷೆಗೆ ರಕ್ತ ಕೊಟ್ಟು ಹೋಗಲಿ ಎಂದರು. ಅಷ್ಟಕ್ಕೆ ಅವಳು ಒಪ್ಪಿದಳು.

ಇಬ್ಬರೂ ಬೆಳಗಿನ ಬಸ್ಸಿಗೆ ಹೋದೆವು. ಸಲಹೆಗಾರ್ತಿ ಬಯ್ಯಲಿಲ್ಲ. ಬಿಟ್ಟದ್ದು ಯಾವಾಗ, ಕೆಮ್ಮು ಜ್ವರ ಇದೆಯೇ, ತೂಕ ಇಳಿದಿದೆಯೇ ಎಂದು ಕೇಳಿದರು. ಡಾಕ್ಟರು ನೋಡಿ, ಅಂದೇ ಗುಳಿಗೆ ಶುರು ಮಾಡಿಸಿದರು.

“ಇಷ್ಟು ವರ್ಷ ಅಲ್ಲಿಂದ ಇಲ್ಲಿಗ್ಯಾಕ ಬಂದ್ರಿ?” ಎಂದರು ಸಲಹೆಗಾರ್ತಿ.

“ಇಲ್ಲೆ ನಮ್ಮ ಗುರ್ತಿನವರು ಯಾರೂ ಇಲ್ಲಂತ ಬಂದ್ವಿ,” ಎಂದೆ.

“ಈ ಊರವ್ರು ಅದಕ್ಕಂತನ ನಿಮ್ಮ ಮಿರಜಕ್ಕ ಹೋಗ್ತಾರ್ರಿ.”

ಹುಡುಗಿ ನನ್ನ ಕಡೆ ತಿರುಗಿದಳು. “ಕೇಳಿದ್ರ್ಯಾ ಮಾಮಾ? ಅವರು ತಿಕಡೆ ಹೋಗೂದು, ನಾವು ಇಕಡೆ ಬರೂದು. ಬಸ್‌ನವರಿಗೆ ಧಂದಾ.”

ಮರಳುವ ಬಸ್ಸಿನಲ್ಲಿ ನಮ್ಮ ಪೇಟೆಯ ಮೆಣಸಿನಕಾಯಿ ವ್ಯಾಪಾರಿ ಹಿಂದಿನ ಸೀಟಿನಲ್ಲೇ ಕೂತಿದ್ದರು. ಆ ದಾರಿಯಲ್ಲಿ ಪೇಟೆಯವರು ಯಾರಾದರೂ ಸಿಗದ ದಿನವೇ ಇರಲಿಲ್ಲ ಎಂದು ನನ್ನ ಹೆಂಡತಿ ಆಮೇಲೆ ಹೇಳಿದಳು. ಮೊದಲು ಹೇಳಿರಲಿಲ್ಲ.

“ಏನ್ರಿ, ಈ ಕಡೆ ಎಲ್ಲಿಗೆ ಹೋಗಿದ್ರಿ?” ಎಂದರು ವ್ಯಾಪಾರಿ.

“ಮದವಿಗೆ,” ಎಂದೆ ನಾನು. “ಮಣ್ಣಿಗೆ,” ಎಂದಳು ಅವಳು. ಮದುವೆ, ಸಾವು ಎರಡೂ ಒಟ್ಟಿಗೇ ಹೊರಬಿದ್ದವು.

ಅವರು ನಮ್ಮಿಬ್ಬರನ್ನೂ ನೋಡಿದರು. “ಒಂದ ಮನ್ಯಾಗೇನ್ರಿ?” ಎಂದು ಕೇಳಿದರು. ಅವಳು ಕಿಟಕಿಗೆ ಮುಖ ಮಾಡಿ ನಗುತ್ತಿದ್ದಳು. ನಾನು ನಗುವ ಸ್ಥಿತಿಯಲ್ಲಿ ಇರಲಿಲ್ಲ.

ದಸರೆ ಮುಗಿದ ಮೇಲೆ ಅವಳು ಸಾಂಗ್ಲಿಯ ಆಸ್ಪತ್ರೆಗೆ ಒಬ್ಬಳೇ ಹೋದಳು. ಬೆಲ್ಲದ ಗಿರಾಕಿ ನರ್ಸು ಅವಳನ್ನು ಕಂಡು, ಊಟ ಆಯಿತೇ ಎಂದು ಕೇಳಿದರಂತೆ. ಆಕೆ ಈಗಲೂ ಅಂಗಡಿಗೆ ಬಂದು ಬೆಲ್ಲ ಒಯ್ಯುತ್ತಾರೆ. ಅಣ್ಣ ಪ್ರತಿ ಸಲ ಒಂದು ಹಿಡಿ ಹೆಚ್ಚು ಹಾಕುತ್ತಾನೆ, ಹುಡುಗಿಯೊಂದಿಗೆ ಮಾತ್ರ ಮಾತಾಡುವುದಿಲ್ಲ.

ಸಂಕ್ರಾಂತಿಯ ನಂತರ ಕೊಟ್ಟ ರಕ್ತದ ವರದಿ ಕಳೆದ ಮಂಗಳವಾರ ಬಂತು. ವೈರಸ್ ಇಳಿದಿದೆ, ಪೂರ್ತಿ ಇಳಿದಿಲ್ಲ. ಅದೇ ಗುಳಿಗೆ ಮುಂದುವರಿಸಿದ್ದಾರೆ.