ಭರಮಣ್ಣನ ಕಾಳಿ ಎರಡು

ಹಾಡಲು ಕೂತ ಭರಮಣ್ಣ ಮೊದಲು ಅಂಗೈಯಿಂದ ಎಡಗಿವಿ ಮುಚ್ಚಿಕೊಳ್ಳುತ್ತಿದ್ದ. ಆಮೇಲೆ ನನ್ನ ಕಡೆ ನೋಡದೆಯೇ, "ಕಾಳಿ ಎರಡು ಹಿಡಿಯೋ" ಎನ್ನುತ್ತಿದ್ದ. ಕಾಳಿ ಎರಡು ಅಂದರೆ ಪೇಟಿಯ, ಅಂದರೆ ಹಾರ್ಮೋನಿಯಮ್ಮಿನ, ಎರಡನೆಯ ಕಪ್ಪು ಮನೆ, ಗಂಡಸರ ಕೊರಳಿಗೆ ಬಲು ಎತ್ತರದ ಶ್ರುತಿ. ಅವನಿಗೆ ಅದು ಮನೆಯ ಕಟ್ಟೆ ಹತ್ತಿದಷ್ಟು ಸಲೀಸು. ಪೇಟಿ ಹಿಡಿದ ನಾನು ಅದಕ್ಕಿಂತ ತಗ್ಗಿನ ಬಿಳಿ ಒಂದರಲ್ಲೇ ಏದುಸಿರು ಬಿಡುವವನು. ಇಬ್ಬರಿಗೂ ಒಬ್ಬರೇ ಗುರು, ಒಂದೇ ಪಾಠ. ಕೊರಳು ಅವನ ಪಾಲಿಗೆ ಹೋಯಿತು, ಹೊಟ್ಟೆಕಿಚ್ಚು ನನ್ನ ಪಾಲಿಗೆ ಬಂತು.

ಗಡಿಯ ಹಳ್ಳಿ ಭೋಜದಲ್ಲಿ ಅವನ ಕಬ್ಬಿನ ಹೊಲ, ಚಿಕ್ಕೋಡಿಯಲ್ಲಿ ನನ್ನ ಮಾಸ್ತರಿಕೆ. ಕನ್ನಡದ ತತ್ವಪದ ಹಾಡುತ್ತ ಅವನು ಮರಾಠಿ ಅಭಂಗಕ್ಕೆ ಹೊರಳಿದರೆ, ಭಾಷೆ ಬದಲಾದದ್ದು ಯಾರ ಗಮನಕ್ಕೂ ಬರುತ್ತಿರಲಿಲ್ಲ. ನಾನು ಹಾಡುವಾಗ ನನ್ನ ಹೆಂಡತಿ ಮೆಂತೆ ಸೊಪ್ಪು ಸೋಸುತ್ತಾಳೆ. ಅವನು ಹಾಡುವಾಗ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ತಬಲಾಕ್ಕೆ ಹಾರೂಗೇರಿಯ ದಸ್ತಗೀರ. ಇಪ್ಪತ್ತು ವರ್ಷ ಮೂವರೂ ಒಂದೇ ಜಮಖಾನೆಯ ಮೇಲೆ ಕೂತವರು. ಬರಬರುತ್ತ ಭರಮಣ್ಣನ ಮೊಬೈಲಿಗೆ ಬರುವ ಮಾತುಗಳು ಅವನ ಬಾಯಿಗೂ ಬಂದವು. ಮುಸಲ್ಮಾನರ ಅಂಗಡಿಗೆ ಹೋಗಬೇಡಿ, ಅವರಿಗೆ ಮನೆ ಬಾಡಿಗೆ ಕೊಡಬೇಡಿ ಎಂದು ಎರಡು ಹಾಡುಗಳ ನಡುವೆ ಭಾಷಣ ಬಿಗಿಯತೊಡಗಿದ. ದಸ್ತಗೀರ ತಲೆ ತಗ್ಗಿಸಿ ತಬಲಾ ಶ್ರುತಿ ಮಾಡುತ್ತಿದ್ದ. ನಾನೂ ಮುಂದಿನ ಹಾಡಿಗೆ ಪೇಟಿ ಹಿಡಿಯುತ್ತಿದ್ದೆ.

ಒಂದು ಸಂಜೆ ಶೇಡಬಾಳದಲ್ಲಿ ಮೈಕಿನಲ್ಲೇ ಅಂದುಬಿಟ್ಟ: "ಇನ್ನ ಮ್ಯಾಲ ನಮ್ಮ ಭಜನ್ಯಾಗ ನಮ್ಮ ಮಂದಿ ಅಷ್ಟ ಬಾರಸಬೇಕು."

ದಸ್ತಗೀರ ತಬಲಾ ಚೀಲಕ್ಕೆ ಹಾಕಿಕೊಂಡ. ನಾನೂ ಪೇಟಿ ಮುಚ್ಚಿ ಅವನ ಹಿಂದೆ ನಡೆದೆ. ಮಂದಿ ನನ್ನನ್ನು ಹೊಗಳಿದರು. ನನಗಾದದ್ದು ಸಿಟ್ಟಲ್ಲ, ಖುಷಿ. ಭರಮಣ್ಣ ಕಡೆಗೂ ನನಗಿಂತ ಸಣ್ಣವನಾಗಿದ್ದ.

ಬಸ್ ನಿಲ್ದಾಣದವರೆಗೂ ಅವನ ಹಾಡು ಕೇಳುತ್ತಿತ್ತು. ನಮ್ಮ ಜಾಗದಲ್ಲಿ ಊರವರೇ ಇಬ್ಬರು ಕೂತಿದ್ದರು. ಹೊಸ ತಬಲಾದವನು ಸಮ್ ತಪ್ಪಿಸಿದ, ತಾಳ ಒಂದು ಸುತ್ತು ಮುಗಿಸಿ ಬಂದು ಸೇರಬೇಕಾದ ಪೆಟ್ಟನ್ನು. ದಸ್ತಗೀರನ ಬೆರಳು ಚೀಲದ ಮೇಲೆ ಅದನ್ನು ಸರಿಯಾಗಿ ಹಾಕಿತು. ಎದ್ದು ಬಂದ ಮೇಲೂ ಅವನು ಆ ಹಾಡಿಗೇ ಬಾರಿಸುವುದು ನನಗೆ ಸಹಿಸಲಿಲ್ಲ. ಭರಮಣ್ಣನಂಥವನ ಹಾಡೂ ಹೊಲಸೇ ಎಂದು ನಕ್ಕೆ.

"ಅಂವ ಆಡಿದ ಮಾತು ಹೊಲಸ ಐತ್ರಿ ಮಾಸ್ತರ. ಅವನ ಜೋಡಿ ನಾ ಮತ್ತ ಕೂಡೂದಿಲ್ಲ," ಎಂದ ದಸ್ತಗೀರ. "ಆದ್ರ ಹಾಡು ಛಲೋ ಇಲ್ಲಂತ ಸುಳ್ಳ ಹ್ಯಾಂಗ ಹೇಳ್ಲಿ? ನೀವ್ಯಾಕ ಇಷ್ಟ ಖುಷಿ ಅದೀರಿ?"

ನಾನು ಬಸ್ಸಿನ ದಾರಿ ನೋಡುತ್ತ ನಿಂತೆ.

ಆಮೇಲೆ ರಾಯಬಾಗ, ಅಥಣಿಯ ಕಡೆಯ ಭಜನಾ ಮಂಡಳಿಯವರು ಭರಮಣ್ಣನನ್ನು ಕರೆಯೋಣವೇ ಎಂದು ನನ್ನನ್ನು ಕೇಳತೊಡಗಿದರು. ದಸ್ತಗೀರನಿಗೆ ಜಾಗವಿಲ್ಲ ಎನ್ನುವವನಿಗೆ ನಮ್ಮಲ್ಲೂ ಜಾಗ ಬೇಡ ಎಂದೆ. ಎಲ್ಲರೂ ಒಪ್ಪಿದರು. ಅವನ ಬದಲು ನಾನು ಹಾಡಿದೆ, ಬಿಳಿ ಒಂದರಲ್ಲಿ.

ಹೋದ ವರ್ಷ ನಿಪ್ಪಾಣಿಯ ಆಸ್ಪತ್ರೆಯಲ್ಲಿ ಮಲಗಿದ್ದವನನ್ನು ನೋಡಲು ಹೋದೆ. ತಾನು ಆಡಿದ್ದು ತಪ್ಪೆಂದು ಅವನು ಆಗಲೂ ಒಪ್ಪಲಿಲ್ಲ. ಆದರೆ ನನ್ನ ಕೈ ಹಿಡಿದುಕೊಂಡು, "ದಸ್ತಗೀರನ ಸಲುವಾಗಿ ನನ್ನಂಥಾವನ್ನ ಬಿಟ್ಟಿ. ನೀ ಖರೇನ ದೊಡ್ಡಾಂವಲೇ," ಅಂದ. ನಾನು ತಲೆಯಾಡಿಸಿದೆ. ಎಂಟು ದಿನಕ್ಕೆ ಹೋಗಿಬಿಟ್ಟ.

ಅವನನ್ನು ಕರೆಯದೆ ಇದ್ದದ್ದು ಸರಿ. ಇವತ್ತಾದರೂ ಹಾಗೇ ಮಾಡುತ್ತಿದ್ದೆ. ಆದರೆ ಅವನು ಆ ಮಾತು ಆಡದೇ ಇದ್ದಿದ್ದರೆ ನಾನು ಬೇರೊಂದು ನೆಪ ಹುಡುಕುತ್ತಿದ್ದೆ. ಇದನ್ನು ಅವನಿಗೆ ಹೇಳಲಿಲ್ಲ.